ಅಂಬ್ಲಿ ಬಿದ್ದ ಬೆಳಗು

"ಹೋಲ್ಡಾನ್... ಹೋಲ್ಡಾನ್!"

ಕೂಗು ಎಲ್ಲಿಂದ ಬಂತೋ ಲೋಹಿತಾಳಿಗೆ ತಿಳಿಯಲಿಲ್ಲ. ಅದರ ಹಿಂದೆಯೇ ಒಂದು ಸೀಟಿ ಕೇಳಿಸಿತು. ಆಮೇಲೆ ಒಂದು ಕೈ ಬಂದು ಅವಳ ಹೆಗಲ ಚೀಲದ ಪಟ್ಟಿ ಹಿಡಿದು, ರಸ್ತೆಯ ಅಂಚಿಗೆ ದರದರ ಎಳೆದು ನಿಲ್ಲಿಸಿತು.

ಅವಳು ತಿರುಗಿ ನೋಡುವಷ್ಟರಲ್ಲಿ ಎರಡೇ ಮಾರು ದೂರದಲ್ಲಿ ಬಸ್ಸಿನ ಮೂತಿ ಮಂಜಿನಿಂದ ಹೊರಗೆ ಬಂದು ನಿಂತಿತ್ತು. ಅಷ್ಟು ಹೊತ್ತೂ ತಾನು ರಸ್ತೆಯ ನಟ್ಟನಡುವೆ ನಿಂತು, ಬಸ್ಸು ಯಾಕೆ ಇನ್ನೂ ಬರಲಿಲ್ಲ ಎಂದು ಇಣುಕುತ್ತಿದ್ದೆ ಅನ್ನುವುದು ಅವಳಿಗೆ ಆಗ ಅರ್ಥವಾಯಿತು.

ಕೈಯಲ್ಲಿ ಟಾರ್ಚು, ಹೆಗಲ ಮೇಲೆ ಬಿಳಿ ಟವೆಲ್ಲು, ಬಾಯಲ್ಲಿ ಸೀಟಿ. ಖಾಕಿ ಅಂಗಿಯ ಕಂಡಕ್ಟರು ಸೀಟಿ ತೆಗೆದು ಕೇಳಿದ.

"ಅಂಬ್ಲಿ ಬಿದ್ದಿರೋವಾಗ ಇಂಗೆ ರಸ್ತೆ ಮಧ್ಯ ನಿಂತ್ಕಂತಾರಾ ಮೇಡಮ್?"

"ಏನು ಬಿದ್ದಿರೋವಾಗ?"

"ಅಂಬ್ಲಿ."

ಲೋಹಿತಾ ಕಾಲ ಬುಡ ನೋಡಿದಳು. ಎಲ್ಲಿ ಚೆಲ್ಲಿದೆ ಅಂಬಲಿ?

ಕಂಡಕ್ಟರನಿಗೆ ನಗು ತಡೆಯಲಾಗಲಿಲ್ಲ. ಟಾರ್ಚನ್ನು ಸುತ್ತಲೂ ಒಮ್ಮೆ ಆಡಿಸಿ ತೋರಿಸಿದ. ಬೆಳಕು ಒಂದು ಮಾರು ಹೋಗಿ ಅಲ್ಲೇ ನಿಂತಿತು. ದಿನಾ ಮಧುಗಿರಿಯ ತಲೆಯ ಮೇಲೆ ಕೂತಿರುವ ಅಷ್ಟು ದೊಡ್ಡ ಬೆಟ್ಟವೇ ಆವತ್ತು ನಾಪತ್ತೆಯಾಗಿತ್ತು.

"ಇದು ಮೇಡಮ್. ಸಣ್ಣದಾದ್ರೆ ಮಂಜು. ಇಷ್ಟು ದಪ್ಪ ಬಿದ್ರೆ ಅಂಬ್ಲಿ. ಹತ್ತಿ, ಹತ್ತಿ, ಹೊತ್ತಾಯ್ತು."

ಲೋಹಿತಾ ಹತ್ತಿ ಕೂತಳು. ಮನಸ್ಸು ಆಗಲೇ ಬೇರೆ ಕೆಲಸ ಹಿಡಿದಿತ್ತು. *ಅಂಬ್ಲಿ... ಎಂಥ ಮಾತು ಇದು... ಇಷ್ಟು ದಿನ ನನ್ನ ಕಿವಿಗೆ ಯಾಕೆ ಬೀಳಲಿಲ್ಲ?*

ಅವಳ ಹುಚ್ಚೇ ಅಂಥದ್ದು. ಕೊಡಿಗೇನಹಳ್ಳಿಯ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವುದು ಅವಳ ಕೆಲಸ. ಊರೂರಿನ ಮಾತು ಹೆಕ್ಕುವುದು ಅವಳ ಪ್ರಾಣ. ಫೋನಿನಲ್ಲಿ 'ನಮ್ಮ ಸೀಮೆ ಮಾತು' ಅಂತ ಒಂದು ಪುಟ ಮಾಡಿಕೊಂಡಿದ್ದಳು. ದಿನಕ್ಕೊಂದು ಪದ, ಒಂದು ನಿಮಿಷದ ವಿಡಿಯೋ. ಆ ಮಾತು ಆಡುವವರನ್ನೇ ಕೇಳದೆ ಒಂದು ಪದವನ್ನೂ ಹಾಕುವುದಿಲ್ಲ ಅನ್ನುವುದು ಅವಳು ತನಗೆ ತಾನೇ ಹಾಕಿಕೊಂಡ ಕಟ್ಟು. ಶಿರಾದಲ್ಲಿರುವ ಅಪ್ಪ ಅಮ್ಮನಿಂದ ಹಿಡಿದು, ಮಧುಗಿರಿಯಲ್ಲಿ ಅವಳ ಜೊತೆಗಿರುವ ಅಪ್ಪನ ತಾಯಿ, ಅಜ್ಜಿ ಸಿದ್ದಗಂಗಮ್ಮನವರ ತನಕ ಎಲ್ಲರೂ ಆ ಪುಟ ನೋಡುವವರೇ.

ಮರುದಿನ ಬೆಳಿಗ್ಗೆ ಅವಳು ಕಂಡಕ್ಟರನ ಹೆಸರು ಕೇಳಿ ತಿಳಿದುಕೊಂಡಳು. ಭೀಮರಾಜು. ಅದರ ಮರುದಿನ, ಮಂಜಿಗೆ ಅಂಬ್ಲಿ ಅಂತ ಯಾಕೆ ಅನ್ನುತ್ತಾರೆ ಅಂತ ಕೇಳಿದಳು. ನೋಡಲಿಕ್ಕೆ ಹಾಗೆ ಇರುತ್ತದೆ ಅಂತಲಾ?

ಭೀಮರಾಜು ಟಿಕೆಟ್ ಮಿಷನ್ ಒತ್ತುತ್ತಲೇ ತಲೆ ಅಲ್ಲಾಡಿಸಿದ.

"ನಮ್ಮ ಕಡೆ ಅಂಬ್ಲಿ ರಾಗಿದು ಮೇಡಮ್. ಅದರ ಬಣ್ಣ ಯಾವುದು, ಮಂಜಿನ ಬಣ್ಣ ಯಾವುದು? ಕನ್ನಡ ಮೇಡಮ್ಮೇ ಇಂಗಂದ್ರೆ ಹೆಂಗೆ?"

ಪಕ್ಕದ ಸೀಟಿನವರು ನಕ್ಕರು. ಲೋಹಿತಾಳಿಗೆ ನಾಚಿಕೆಯಾಯಿತು. ನಾಚಿಕೆಯಲ್ಲೂ ಒಂಥರಾ ಖುಷಿ ಇತ್ತು, ಅದು ಯಾಕೆ ಅಂತ ಅವಳು ಆವತ್ತು ಯೋಚನೆ ಮಾಡಲಿಲ್ಲ.

ಡಿಸೆಂಬರು ಮುಗಿಯುವ ಹೊತ್ತಿಗೆ ಯೋಚನೆ ಮಾಡದೆ ಬೇರೆ ದಾರಿ ಇರಲಿಲ್ಲ.

ಡ್ರೈವರ್ ದೊಡ್ಡಹನುಮಯ್ಯನ ಹಿಂದಿನ ಕಿಟಕಿ ಸೀಟಿನ ಮೇಲೆ ದಿನಾ ಭೀಮರಾಜುವಿನ ಟವೆಲ್ಲು ಹಾಸಿರುತ್ತಿತ್ತು. ಲೋಹಿತಾ ಹತ್ತಿದ ಮೇಲೆ ಅದು ಅವನ ಹೆಗಲಿಗೆ ಹೋಗುತ್ತಿತ್ತು. ಯಾರೂ ಏನೂ ಹೇಳುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಅವನು ಪಾವಗಡದ ಕಡೆ ಕೆಲಸ ಮಾಡಿದಾಗ ಕಲಿತ ತೆಲುಗು ಬೆರೆತ ಮಾತುಗಳನ್ನು ದಿನಕ್ಕೊಂದರಂತೆ ತಂದು ಒಪ್ಪಿಸುತ್ತಿದ್ದ. ಇವಳು ಬರೆದುಕೊಳ್ಳುತ್ತಿದ್ದಳು. ಮಂಜು ಬಿದ್ದ ದಿನ ಕೆರೆ ಏರಿ ಬಂದರೆ ಅವನು ಇಳಿದು, ಟವೆಲ್ಲು ಹೆಗಲಿಗೆ ಹರಡಿಕೊಂಡು ಬಸ್ಸಿನ ಮುಂದೆ ನಡೆಯುತ್ತಿದ್ದ. ಎರಡು ಸೀಟಿ ಅಂದರೆ ಬಾ, ಒಂದು ಸೀಟಿ ಅಂದರೆ ನಿಲ್ಲು. ದೊಡ್ಡಹನುಮಯ್ಯ ಆ ಬಿಳಿ ಬೆನ್ನನ್ನೇ ನೋಡಿಕೊಂಡು ಬಸ್ಸು ಬಿಡುತ್ತಿದ್ದರು. ಲೋಹಿತಾಳೂ ಅದನ್ನೇ ನೋಡುತ್ತಿದ್ದಳು. ಅವಳಿಗೆ ಬಸ್ಸು ಬಿಡುವ ಕೆಲಸವೇನೂ ಇರಲಿಲ್ಲ ಅನ್ನುವುದು ಬೇರೆ ಮಾತು.

"ಆ ಅಂಬ್ಲಿ ಮಾತು..." ಅಂತ ಒಂದು ಬುಧವಾರ ಅವಳು ಮತ್ತೆ ತೆಗೆದಳು.

ಭೀಮರಾಜು ಯಾರಾದರೂ ಕೇಳಿಸಿಕೊಳ್ಳುತ್ತಿದ್ದಾರಾ ಅಂತ ಹಿಂದೆ ಮುಂದೆ ನೋಡಿದ. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದ.

"ಅದು ನಾನು ಹೇಳೋದಲ್ಲ ಮೇಡಮ್. ನಮ್ಮಜ್ಜಿ ಹೇಳ್ಬೇಕು. ಭಾನುವಾರ ಹಟ್ಟಿಗೆ ಕರ್ಕೊಂಡೋಗ್ತೀನಿ, ಬತ್ತೀರಾ? ಅಲ್ಲೀಗಂಟ ಅದೊಂದು ಮಾತು ಯಾರಿಗೂ ಹೇಳ್ಬೇಡಿ."

"ಆಯ್ತು," ಅಂದಳು ಲೋಹಿತಾ.

ಭಾನುವಾರ ಯಾವ ಸೀರೆ ಉಡುವುದು ಅಂತ ಅವಳು ಗುರುವಾರವೇ ತೀರ್ಮಾನಿಸಿದ್ದಳು!

ಕೆಟ್ಟಿದ್ದು ಶುಕ್ರವಾರ.

ಆವತ್ತು ಶಾಲೆಯಲ್ಲಿ ಪರೀಕ್ಷೆ ಪೇಪರುಗಳ ರಾಶಿ. ವಿಡಿಯೋಗೆ ಒಂದು ಪದವೂ ಸಿದ್ಧವಾಗಿರಲಿಲ್ಲ. ಮೂರು ವರ್ಷದಲ್ಲಿ ಒಂದು ದಿನವೂ ತಪ್ಪದ ಪುಟ ಅದು. ಸಂಜೆ ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ನಿಂತಿದ್ದಾಗ ಯಾರೋ ಇಬ್ಬರು ಹಿರಿಯರು ಮಂಜಿನ ಮಾತು ತೆಗೆದರು. ಲೋಹಿತಾ ಕಿವಿಗೊಟ್ಟಳು, ಅದಕ್ಕೆ ಅಂಬ್ಲಿ ಅಂತ ಯಾಕೆ ಅನ್ನುತ್ತಾರೆ ಅಂತ ಕೇಳಿಯೂಬಿಟ್ಟಳು. ಅವರು ನಗುನಗುತ್ತಾ ಒಂದು ಕತೆ ಹೇಳಿದರು. ಕತೆ ಚುರುಕಾಗಿತ್ತು. ಒಂದು ನಿಮಿಷಕ್ಕೆ ಅಳತೆ ಮಾಡಿದ ಹಾಗಿತ್ತು.

*ಭಾನುವಾರ ಅಜ್ಜಿ ಹೇಳಿದ್ದನ್ನು ಇನ್ನೊಂದು ವಿಡಿಯೋ ಮಾಡಿದರಾಯಿತು... ಇದೊಂದು ದಿನ ತಾನೇ?*

ಅವಳು ಹಾಕಿಯೇಬಿಟ್ಟಳು. "ಹಿಂದೆ ಒಬ್ಬ ಸೋಂಬೇರಿ ಡ್ರೈವರ್ ಇದ್ದನಂತೆ. ಮಂಜು ಅಂತ ನೆಪ ಹೇಳಿ ಕೆರೆ ಏರಿ ಮೇಲೆ ಬಸ್ಸು ನಿಲ್ಲಿಸಿ, ಏರಿ ಕೆಳಗಿನ ಹಟ್ಟಿಯಲ್ಲಿ ಯಾವಳೋ ಒಬ್ಬಳ ಮನೆಗೆ ಅಂಬಲಿ ಕುಡಿಯೋಕೆ ಹೋಗ್ತಿದ್ದನಂತೆ..." ಅಂತ ಕಣ್ಣು ಮಿಟುಕಿಸಿ ಹೇಳಿದಳು. ಕೊನೆಗೆ ನಕ್ಕಳು ಕೂಡ.

ಆ ವಿಡಿಯೋವನ್ನು ಒಂದೇ ರಾತ್ರಿಗೆ ನಲವತ್ತು ಸಾವಿರ ಜನ ನೋಡಿದರು.

ಶನಿವಾರ ಕಿಟಕಿ ಸೀಟಿನ ಮೇಲೆ ಟವೆಲ್ಲು ಇರಲಿಲ್ಲ. ಅಲ್ಲಿ ಯಾರೋ ಕೂತಿದ್ದರು. ಭೀಮರಾಜು ಅವಳ ಮುಖ ನೋಡದೆ ಟಿಕೆಟ್ ಹರಿದುಕೊಟ್ಟು, ಎಲ್ಲರಿಗೂ ಹೇಳುವಂತೆ "ಮುಂದೆ ಹೋಗಿ, ಮುಂದೆ ಹೋಗಿ" ಅಂದ.

ಅವಳು ಕೊಡಿಗೇನಹಳ್ಳಿಯಲ್ಲಿ ಎಲ್ಲರೂ ಇಳಿಯುವ ತನಕ ಕಾದು, ನಾಳೆ ಎಷ್ಟು ಹೊತ್ತಿಗೆ ಬರಲಿ ಅಂತ ಕೇಳಿದಳು.

"ಬ್ಯಾಡ ಬುಡಿ ಮೇಡಮ್," ಅಂದ ಭೀಮರಾಜು. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವಳು ಹೇಗೋ ತಡೆದುಕೊಳ್ಳುತ್ತಿದ್ದಳು. "ನಮ್ಮಜ್ಜಿ ನಿಮ್ಮ ವಿಡಿಯೋ ನೋಡ್ತು. ಹಟ್ಟಿ ಪೂರ್ತಿ ನೋಡ್ತು. ಆ 'ಯಾವಳೋ' ಅಂದ್ರಲ್ಲ... ಅದು ನಮ್ಮಜ್ಜಿ. ಮುನಿಯಮ್ಮ ಅಂತ ಹೆಸರು."

ಲೋಹಿತಾ ಬಸ್ಸಿನ ಕಂಬಿ ಹಿಡಿದು ನಿಂತುಬಿಟ್ಟಳು.

"ನೀವು ಬೇರೆ ಥರ ಅನ್ಕೊಂಡಿದ್ದೆ," ಅಂದು ಅವನು ಇಳಿದು ಹೋದ.

ಅವಳು ವಿಡಿಯೋ ಅಳಿಸಿದಳು. ಏನು ಬಂತು? ಅದು ಆಗಲೇ ಊರೆಲ್ಲ ಹಂಚಿಹೋಗಿತ್ತು. ಅರ್ಧ ದಿನದ ಶಾಲೆ ಮುಗಿಸಿ ಮನೆಗೆ ಬಂದವಳು ಊಟ ಬೇಡ ಅಂದು ಗೋಡೆಗೆ ಒರಗಿ ಕೂತಳು. ಒಂದು ಪದ ಹೋದದ್ದಲ್ಲ ಅವಳ ದುಃಖ. ತನ್ನನ್ನು ನಂಬಿ ಮನೆಗೆ ಕರೆದವನ ಮನೆಯ ಮಾನವನ್ನೇ ತಾನು ಬೀದಿಗೆ ತಂದಿದ್ದಳು. ಅವನನ್ನು ತಾನು ಎಷ್ಟು ಇಷ್ಟಪಡುತ್ತೇನೆ ಅನ್ನುವುದು ಕೂಡ, ಹಾಳಾದ್ದು, ಇವತ್ತೇ ಅಷ್ಟು ಸ್ಪಷ್ಟವಾಗಿ ತಿಳಿಯಬೇಕೇ?

ಸಿದ್ದಗಂಗಮ್ಮ ಪಕ್ಕದಲ್ಲಿ ಬಂದು ಕೂತರು. ಏನಾಯಿತು ಅಂತ ಕೇಳಿದರು. ಲೋಹಿತಾ ಏನನ್ನೂ ಮುಚ್ಚಿಡದೆ ಹೇಳಿದಳು, ಟವೆಲ್ಲಿನ ವಿಷಯವನ್ನೂ ಸೇರಿಸಿ.

ಅಜ್ಜಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಇದ್ದರು.

"ಆ ಡ್ರೈವರು ಸೋಂಬೇರಿ ಅಲ್ಲ ಕಣಮ್ಮ," ಅಂದರು ಕೊನೆಗೆ. "ಆವತ್ತು ಆ ಬಸ್ಸಲ್ಲಿ ನಾನಿದ್ದೆ."

ನಲವತ್ತೇಳು ವರ್ಷದ ಹಿಂದಿನ ಮಾತು ಅದು. ಸಿದ್ದಗಂಗಮ್ಮ ಒಂದೂವರೆ ವರ್ಷದ ಮಗನನ್ನು ಸೊಂಟದ ಮೇಲೆ ಕೂರಿಸಿಕೊಂಡು ತವರಿಗೆ ಹೊರಟಿದ್ದರು. ಕೆರೆ ಏರಿ ಮೇಲೆ ಬಂದಾಗ ಕೈ ಮುಂದೆ ಚಾಚಿದರೆ ಕೈಯೇ ಕಾಣದಂಥ ಮಂಜು. ಒಂದು ಕಡೆ ತುಂಬಿದ ಕೆರೆ, ಇನ್ನೊಂದು ಕಡೆ ಇಳಿಜಾರು. ಇಷ್ಟು ಜೀವ ಇಟ್ಟುಕೊಂಡು ಒಂದು ಗೇಣೂ ಮುಂದೆ ಹೋಗಲ್ಲ ಅಂತ ಡ್ರೈವರು ಬಸ್ಸು ನಿಲ್ಲಿಸಿಬಿಟ್ಟರು. ಆರು ಗಂಟೆಯಿಂದ ಹತ್ತು ಗಂಟೆಯ ತನಕ ಹಾಗೇ ಕೂತಿದ್ದರಂತೆ. ಚಳಿಗೆ ಹಲ್ಲು ಕಟಕಟ. ಹಸಿವಿಗೆ ಮಗು ಅತ್ತೂ ಅತ್ತೂ ಬಾಡಿಹೋಯಿತು.

ಆಗ ಕಿಟಕಿಯ ಹತ್ತಿರ ಒಂದು ದನಿ ಕೇಳಿತು. ಮಗೀಗೆ ಬಿಸಿ ಅಂಬ್ಲಿ ಐತೆ, ಕೊಡ್ಲಾ ತಾಯಿ, ಅಂತ.

"ಹಟ್ಟಿ ಹೆಂಗಸು ಅಂತ ದನೀಲೇ ಗೊತ್ತಾಯ್ತು. ಬಸ್ಸಲ್ಲಿ ಯಾರೂ ಉಸಿರೆತ್ತಲಿಲ್ಲ. ಅವಳ ಕೈಯಿಂದ ನೀರೂ ಮುಟ್ಟದ ಕಾಲ ಅದು. ನಾನೇ ಕೈ ಚಾಚಿಬುಟ್ಟೆ ಕಣೇ. ಅವಳ ಮುಖ ಕಾಣಲಿಲ್ಲ, ಕೈ ಕಂಡ್ತು. ಮುಂಗೈ ಮೇಲೆ ಚೇಳಿನ ಹಚ್ಚೆ ಇತ್ತು. ಮಗೀಗೆ ಕುಡಿಸಿದೆ, ನಾನೂ ಕುಡಿದೆ. ಆಮೇಲೆ ಒಂದೊಂದೇ ಕೈ ಹೊರಗೆ ಬಂತು. ಮಂಜಲ್ವಾ... ಯಾರು ಕುಡಿದರು ಅಂತ ಯಾರಿಗೂ ಕಾಣಲಿಲ್ಲ. ಮಡಕೆ ಖಾಲಿ ಆಯ್ತು."

ಮಂಜು ಬಿಟ್ಟ ಮೇಲೆ ಎಲ್ಲರೂ ಬಾಯಿ ಒರೆಸಿಕೊಂಡು, ಒಬ್ಬರ ಮುಖ ಒಬ್ಬರು ನೋಡದೆ ಕೂತರಂತೆ. ಆದರೆ ಮತ್ತೆ ಅಂಥ ಮಂಜು ಬಿದ್ದಾಗ, ಆವತ್ತಿನ ಬಸ್ಸಿನವರೇ ಯಾರೋ ಬಾಯಿತಪ್ಪಿ "ಇವತ್ತು ಅಂಬ್ಲಿ ಮಂಜು" ಅಂದರು. ಆ ಮಾತು ಬಸ್ಸಿನಿಂದ ಬಸ್ಸಿಗೆ ಹೋಯಿತು. ಬರುಬರುತ್ತಾ ಮಂಜು ಉದುರಿ ಅಂಬ್ಲಿಯಷ್ಟೇ ಉಳಿಯಿತು. ಕೊಟ್ಟವಳು ಯಾರು ಅಂತ ಹೇಳಿದರೆ ಕುಡಿದವರು ಯಾರು ಅಂತಲೂ ಹೇಳಬೇಕಾಗುತ್ತದಲ್ಲ? ಅದಕ್ಕೇ ಯಾರೂ ಹೇಳಲಿಲ್ಲ. ಹೇಳದೇ ಬಿಟ್ಟ ಜಾಗದಲ್ಲಿ ಟೀ ಅಂಗಡಿಯ ಕತೆ ಬಂದು ಕೂತಿತ್ತು.

ಲೋಹಿತಾಳ ಕಣ್ಣು ತುಂಬಿ ಬಂತು. ಇದನ್ನು ನೀನೇ ಬಂದು ಹೇಳು ಅಜ್ಜಿ ಅಂತ ಬೇಡಿಕೊಂಡಳು. ಸಿದ್ದಗಂಗಮ್ಮ ತಲೆ ಅಲ್ಲಾಡಿಸಿದರು. ಗಂಡನ ಮನೆಯವರಿಗೂ ಹೇಳದ್ದು, ಈಗ ಎಲ್ಲರ ಮುಂದೆ ಹೆಂಗೆ ಹೇಳಲಿ ಅಂದರು. ಲೋಹಿತಾ ಬಲವಂತ ಮಾಡಲಿಲ್ಲ. ಬಲವಂತದ ಮಾತು ತನಗೂ ಬೇಡ, ಮುನಿಯಮ್ಮನಿಗೂ ಬೇಡ ಅನ್ನಿಸಿತು ಅವಳಿಗೆ. ತನ್ನ ತಪ್ಪು ತಾನು ಒಪ್ಪಿಕೊಂಡರಾಯಿತು, ಅವನು ಕ್ಷಮಿಸಲಿ ಬಿಡಲಿ.

ಭಾನುವಾರ ಅವಳ ಪಾಲಿಗೆ ಸುಮ್ಮನೆ ಹೋಯಿತು. ಆರಿಸಿಟ್ಟ ಸೀರೆ ಮಡಿಕೆ ಬಿಚ್ಚಲಿಲ್ಲ.

ಸೋಮವಾರ ಬೆಳಿಗ್ಗೆ ಬಾಗಿಲು ತೆಗೆದರೆ ಎದುರು ಮನೆ ಇಲ್ಲ. ಬೆಟ್ಟ ಇಲ್ಲ. ಬೀದಿಯೇ ಇಲ್ಲ.

ಅವಳು ಚೀಲ ಹೆಗಲಿಗೆ ಹಾಕಿಕೊಂಡು ಹಿಂದೆ ತಿರುಗಿದರೆ, ಸಿದ್ದಗಂಗಮ್ಮ ಹಣೆಗೆ ವಿಭೂತಿ ಇಟ್ಟು, ಒಳ್ಳೆಯ ಸೀರೆ ಉಟ್ಟು, ಚಪ್ಪಲಿ ಮೆಟ್ಟಿ ನಿಂತಿದ್ದರು.

"ಎಲ್ಲಿಗೆ ಅಜ್ಜಿ?"

"ಅಂಬ್ಲಿ ಬಿದ್ದೈತಲ್ಲ," ಅಂದರು ಅಜ್ಜಿ. "ನಡಿ."

ಬಸ್ಸಿನಲ್ಲಿ ಭೀಮರಾಜು ಇಬ್ಬರಿಗೂ ಟಿಕೆಟ್ ಕೊಟ್ಟ. ಅಜ್ಜಿಯನ್ನು ಕೈ ಹಿಡಿದು ಹತ್ತಿಸಿ ಜಾಗ ಮಾಡಿಸಿ ಕೂರಿಸಿದ, ಮೊಮ್ಮಗಳ ಕಡೆ ತಿರುಗಲಿಲ್ಲ. ಕೆರೆ ಏರಿ ಬಂತು. ಅವನು ಇಳಿದು ಟವೆಲ್ಲು ಹರಡಿಕೊಂಡು ಮುಂದೆ ನಡೆದ. ಎರಡು ಸೀಟಿ. ಬಸ್ಸು ತೆವಳಿತು. ಮತ್ತೆ ಎರಡು ಸೀಟಿ.

ಏರಿಯ ಮಧ್ಯಕ್ಕೆ ಬಂದಾಗ ಸಿದ್ದಗಂಗಮ್ಮ ಎದ್ದು ನಿಂತರು.

"ಇಲ್ಲಿ ನಿಲ್ಸಪ್ಪ."

ಇಲ್ಲಿ ಸ್ಟಾಪ್ ಇಲ್ಲ ತಾಯಿ ಅಂದರು ದೊಡ್ಡಹನುಮಯ್ಯ. ಹಿಂದೊಂದು ಸಲ ನಿಂತಿತ್ತು, ಅವತ್ತು ನಾನಿದ್ದೆ, ಅಂದರು ಅಜ್ಜಿ. ದೊಡ್ಡಹನುಮಯ್ಯ ಕನ್ನಡಿಯಲ್ಲಿ ಆ ಮುಖವನ್ನೊಮ್ಮೆ ನೋಡಿ, ಮರುಮಾತಾಡದೆ ಬ್ರೇಕು ಒತ್ತಿದರು. ಹಿಂದೆ ಬಸ್ಸು ಬರದ್ದು ನೋಡಿ ಭೀಮರಾಜು ಓಡಿ ಬಂದ.

"ನಿಮ್ಮಜ್ಜಿ ಮನೆ ತೋರ್ಸಪ್ಪ," ಅಂದರು ಸಿದ್ದಗಂಗಮ್ಮ. "ನಾನು ಅವಳ ಕೈ ನೋಡಬೇಕು."

ಅವನು ಮೊದಲ ಸಲ ಲೋಹಿತಾಳ ಮುಖ ನೋಡಿದ. ಅಲ್ಲಿ ಏನು ಕಂಡಿತೋ, ಏನೂ ಕೇಳದೆ ಅಜ್ಜಿಯ ಕೈ ಹಿಡಿದು ಇಳಿಜಾರು ಇಳಿಸಿದ.

ಮುನಿಯಮ್ಮ ಒಲೆಯ ಮುಂದೆ ಕೂತಿದ್ದರು. ಗೋಡೆಯ ಮೇಲೆ ಬುದ್ಧನ ಪಟ, ಒಲೆಯ ಮೇಲೆ ಮನೆಗೆ ಬೇಕಾದ್ದಕ್ಕಿಂತ ದೊಡ್ಡ ಪಾತ್ರೆ. ಸಿದ್ದಗಂಗಮ್ಮ ಒಳಗೆ ಹೋದವರೇ ಆ ಮುಂಗೈ ಹಿಡಿದು ಬೆಳಕಿಗೆ ತಿರುಗಿಸಿದರು. ಸುಕ್ಕುಗಟ್ಟಿದ ಚರ್ಮದ ಮೇಲೆ ಮಸುಕಾದ ಚೇಳು.

"ನನ್ನ ಮಗ ಉಳ್ಕೊಂಡ," ಅಂದರು ಸಿದ್ದಗಂಗಮ್ಮ. "ನಿನಗೊಂದು ಮಾತು ಹೇಳೋಕೆ ಇಷ್ಟು ವರ್ಷ ಬೇಕಾಯ್ತು ನನಗೆ."

ಮುನಿಯಮ್ಮ ಸಿದ್ದಗಂಗಮ್ಮನ ಮುಖವನ್ನೇ ನೋಡಿದರು. ಆಮೇಲೆ ಆ ಕತೆಗೆಲ್ಲ ಸೇರಿ ಒಂದೇ ಮಾತು ಹೇಳಿದರು.

"ಅವತ್ತಿನಿಂದ ಮಂಜು ಬಿದ್ದ ದಿನ ಎರಡು ಹಿಡಿ ಹಿಟ್ಟು ಜಾಸ್ತಿ ಹಾಕ್ತೀನಿ ಕಣವ್ವ. ಯಾರಾನ ಬಂದಾರು ಅಂತ."

ಲೋಹಿತಾ ಮುನಿಯಮ್ಮನ ಕಾಲ ಬಳಿ ಕೂತು ತಪ್ಪಾಯಿತು ಅಂದಳು. ಪದ ಹೆಕ್ಕುವ ಮೇಡಮ್ಮಿಗೆ ಆವತ್ತು ಪದವೇ ಸಿಗಲಿಲ್ಲ. ಮುನಿಯಮ್ಮ ಅವಳ ಗಲ್ಲ ಹಿಡಿದು, ಕೇಳಿದ್ದನ್ನು ಹೇಳಿದೆ, ಇನ್ಮೇಲೆ ನೋಡಿದ್ದನ್ನು ಹೇಳು, ಅಂದರು.

ಪಾತ್ರೆ ಏರಿ ಮೇಲೆ ಬಂತು. ಬಸ್ಸಿನವರೆಲ್ಲ ಇಳಿದರು. ಮೊದಲ ಲೋಟ ತೆಗೆದುಕೊಂಡವರು ಸಿದ್ದಗಂಗಮ್ಮ. ಲೋಹಿತಾ ಫೋನು ಹಿಡಿದು, ಮೊದಲು ತನ್ನ ತಪ್ಪನ್ನು ತಾನೇ ಹೇಳಿ, ಆಮೇಲೆ ಅದನ್ನು ಅಜ್ಜಿಯರ ಕಡೆ ತಿರುಗಿಸಿದಳು. ಒಂದು ನಿಮಿಷದ ಲೆಕ್ಕ ಆವತ್ತು ಯಾರೂ ಇಡಲಿಲ್ಲ. ಅವರಿನ್ನೂ ಹೇಳುತ್ತಿರುವಾಗಲೇ ಮಂಜು ಬಿಡತೊಡಗಿತು. ಕೆರೆ ಕಂಡಿತು, ಹಟ್ಟಿ ಕಂಡಿತು, ಲೋಟ ಹಿಡಿದ ಪ್ರತಿಯೊಬ್ಬರ ಮುಖವೂ ಕಂಡಿತು. ಈ ಸಲ ಯಾರೂ ಅವಸರದಲ್ಲಿ ಬಾಯಿ ಒರೆಸಿಕೊಳ್ಳಲಿಲ್ಲ. ದೊಡ್ಡಹನುಮಯ್ಯ ಎರಡನೇ ಲೋಟ ಕೇಳಿದರು.

ಭೀಮರಾಜು ಒಂದು ಲೋಟ ತಂದು ಲೋಹಿತಾಳ ಮುಂದೆ ಹಿಡಿದ.

"ಬಿಸಿ ಐತೆ. ನಿಧಾನ."

"ನನ್ನ ಮೇಲೆ ಇನ್ನೂ ಬೇಜಾರಾ?"

"ಶನಿವಾರ ಇತ್ತು. ನಿನ್ನೆ ನೀವು ಬರ್ಲಿಲ್ವಲ್ಲ, ಅದಕ್ಕೆ ಇನ್ನೊಂದು ಬೇಜಾರು."

"ಬೇಡ ಅಂದಿದ್ದು ನೀವೇ."

"ಅಂದೆ. ಆದ್ರೂ ಬೆಳಿಗ್ಗೆಯಿಂದ ಏರಿ ಮೇಲೇ ನಿಂತಿದ್ದೆ."

ಲೋಹಿತಾ ಲೋಟವನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಈಗ ಹೇಳದಿದ್ದರೆ ಇನ್ನು ಯಾವಾಗ? ಹೇಳದೇ ಬಿಟ್ಟ ಮಾತಿನ ಜಾಗದಲ್ಲಿ ಏನೇನು ಬಂದು ಕೂರುತ್ತದೆ ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ನನಗೆ ನೀವು ಇಷ್ಟ," ಅಂದಳು. "ಆ ಟವೆಲ್ ಹಾಕ್ಕೊಂಡು ಮುಂದೆ ನಡೀತೀರಲ್ಲ, ಅವತ್ತಿಂದ. ನಮ್ಮಪ್ಪ ಒಪ್ಪಬೇಕು, ಶಿರಾದವರೆಲ್ಲ ಒಪ್ಪಬೇಕು, ಸುಲಭ ಅಲ್ಲ. ಆದ್ರೂ ಇಷ್ಟ."

ಭೀಮರಾಜು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಹಿಂದಿನಿಂದ ಸಿದ್ದಗಂಗಮ್ಮನ ದನಿ ಬಂತು.

"ಅವರಪ್ಪನ್ನ ನನಗೆ ಬುಡು. ಈ ಮನೆ ಅಂಬ್ಲೀನ ಎರಡು ಲೋಟ ಕುಡಿದವನು ಅವನು. ಹೆಂಗೆ ಬ್ಯಾಡ ಅಂತಾನೋ ನಾನೂ ನೋಡ್ತೀನಿ."

ಮುನಿಯಮ್ಮ ನಕ್ಕರು. ಲೋಹಿತಾಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

ಎಲ್ಲರೂ ಬಸ್ಸು ಹತ್ತಿದರು. ಶಾಲೆಗೆ ಆಗಲೇ ತಡವಾಗಿತ್ತು. ಡ್ರೈವರ್ ಹಿಂದಿನ ಕಿಟಕಿ ಸೀಟಿನ ಮೇಲೆ ಬಿಳಿ ಟವೆಲ್ಲು ಹಾಸಿತ್ತು. ಲೋಹಿತಾ ಅದನ್ನು ತೆಗೆದು ಅವನಿಗೆ ಕೊಡಲಿಲ್ಲ. ಮಡಿಚಿ ತನ್ನ ಮಡಿಲಲ್ಲಿ ಇಟ್ಟುಕೊಂಡಳು.

ಭೀಮರಾಜು ಬಾಗಿಲಲ್ಲಿ ನಿಂತು ಸೀಟಿ ತುಟಿಗಿಟ್ಟ. ಊದಲಿಲ್ಲ. ಅವಳ ಕಡೆ ತಿರುಗಿ, ಅವಳಿಗಷ್ಟೇ ಕೇಳುವಂತೆ ಕೇಳಿದ.

"ಹೋಗೋಣ್ವಾ ಲೋಹಿತಾ?"

ಮೇಡಮ್ ಅಂತ ಅನ್ನದೆ ಅವನು ಕರೆದದ್ದು ಅದೇ ಮೊದಲು.

"ಹೋಗೋಣ," ಅಂದಳು ಅವಳು.